ಬಿಚ್ಚಿ ಕೊಂಡೊಯ್ದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಕಟ್ಟಿದ ಮನೆಯನ್ನು ಬಿಚ್ಚಿ ನೋಡು ಎಂದು ಅವರು ಹೇಳಲಿಲ್ಲ. ಹೇಳುವ ಪ್ರಸಂಗವೂ ಅವರಿಗೆ ಒದಗಿರಲಾರದು. ಮನೆಯೆಂದರೆ ಬುಡವಿರುವ ವಸ್ತು. ಪಾಯ ಅಗೆದು, ಹೊಸ್ತಿಲು ಇರಿಸಿ, ಸೂರು ಮುಚ್ಚಿದ ಮೇಲೆ ಅದು ಆ ನೆಲದ ಪಾಲಾಯಿತು. ಕೋರ್ಟು ಕಚೇರಿಗಳ ಮಾತಿನಲ್ಲಿ ಮನೆ ಸ್ಥಿರಾಸ್ತಿ. ಪಾತ್ರೆ ಪಡಗ, ಒಡವೆ ವಸ್ತು, ಕುರ್ಚಿ ಮೇಜು ಚರಾಸ್ತಿ. ಈ ವಿಂಗಡಣೆಯಲ್ಲಿ ಸಂಶಯಕ್ಕೆ ಎಡೆಯೇ ಇಲ್ಲವೆಂದು ನಾವೆಲ್ಲ ನಂಬಿದ್ದೇವೆ. ಆದರೆ ಕಳೆದ ಶತಮಾನದ ನಡುವೆ ಫ್ರಾನ್ಸಿನಲ್ಲಿ ಹುಟ್ಟಿ, ಆಫ್ರಿಕದಲ್ಲಿ ಅರ್ಧಶತಮಾನ ಬಾಳಿ, ಕಡೆಗೆ ನ್ಯೂಯಾರ್ಕಿನಲ್ಲಿ ಹರಾಜಾದ ಒಂದು ಲೋಹದ ಮನೆಯ ಕಥೆಯನ್ನು ಕೇಳಿದರೆ ಈ ನಂಬಿಕೆ ಸ್ವಲ್ಪ ಅಲುಗುತ್ತದೆ.

ಬಿಡಿಭಾಗಗಳಾಗಿ ಕಾರ್ಖಾನೆಯಲ್ಲಿ ತಯಾರಾಗಿ, ಹಡಗೇರಿ ಹೋಗಿ, ಪರದೇಶದಲ್ಲಿ ಎದ್ದು ನಿಲ್ಲುವ ಮನೆಗಳು ಹೊಸವೇನಲ್ಲ. ೧೮೨೯ರಲ್ಲಿ ಇಂಗ್ಲೆಂಡಿನ ಹೆನ್ರಿ ರಾಬಿನ್ಸನ್ ಪಾಮರ್ ಎಂಬಾತ ಸುಕ್ಕುಗಟ್ಟಿದ ಕಬ್ಬಿಣದ ತಗಡಿಗೆ ಪೇಟೆಂಟು ಪಡೆದ. ಚಪ್ಪಟೆಯಾಗಿದ್ದಾಗ ಬಳುಕುವ ತೆಳುತಗಡು ಅಲೆಯಲೆಯಾಗಿ ಮಡಿಸಿದಾಗ ತನ್ನ ಭಾರವನ್ನು ತಾನೇ ಹೊರಬಲ್ಲುದು ಎಂಬುದೇ ಆ ಉಪಾಯದ ಗುಟ್ಟು. ಮುಂದೆ ಎಂಟು ವರ್ಷಕ್ಕೆ ತಗಡಿಗೆ ಸತುವಿನ ಲೇಪ ಕೊಡುವ ವಿದ್ಯೆಯೂ ಕೈಗೂಡಿತು. ೧೮೪೯ರಲ್ಲಿ ಕ್ಯಾಲಿಫೋರ್ನಿಯದಲ್ಲಿ, ೧೮೫೧ರಲ್ಲಿ ಆಸ್ಟ್ರೇಲಿಯದಲ್ಲಿ ಚಿನ್ನದ ಹುಚ್ಚು ಹತ್ತಿದಾಗ, ಜನ ಸಾವಿರಗಟ್ಟಲೆ ಬಂದಿಳಿದ ಊರುಗಳಲ್ಲಿ ಮರವಿಲ್ಲ, ಇಟ್ಟಿಗೆಯಿಲ್ಲ, ಬಡಗಿಯೂ ಇಲ್ಲ. ಬಡಗಿ ಸಿಕ್ಕಿದರೂ ಅವನು ಚಿನ್ನ ಅಗೆಯಲು ಹೋಗುತ್ತಿದ್ದ! ಬ್ರಿಟನ್ನಿನ ಕಾರ್ಖಾನೆಗಳು ಕಬ್ಬಿಣದ ಮನೆಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸಿದವು. ಮೆಲ್ಬರ್ನ್ ನಗರದ ದಕ್ಷಿಣ ಭಾಗದಲ್ಲಿ ಅಂಥ ಮೂರು ಮನೆಗಳು ಒಂದೇ ಹಿತ್ತಲಲ್ಲಿ ಉಳಿದಿವೆ. ಅವುಗಳಲ್ಲಿ ಒಂದು ಮಾತ್ರ ಮೊದಲಿನಿಂದ ಅಲ್ಲಿದ್ದುದು. ಉಳಿದೆರಡನ್ನು ಅದೇ ನಗರದ ಬೇರೆ ಕೇರಿಗಳಿಂದ ತಂದು ನಿಲ್ಲಿಸಿ ಕಾಪಾಡಿದ್ದಾರೆ. ೧೮೫೧ರ ಲಂಡನ್ ಮಹಾಪ್ರದರ್ಶನಕ್ಕಾಗಿ ಜೋಸೆಫ್ ಪ್ಯಾಕ್ಸ್‌ಟನ್ ಕಟ್ಟಿದ ಸ್ಫಟಿಕದ ಅರಮನೆಯೂ ಈ ಕುಲದ್ದೇ. ಪ್ರದರ್ಶನ ಮುಗಿದ ಮೇಲೆ ಅದನ್ನು ಬಿಚ್ಚಿ ಸಿಡನ್ಹಮ್ಮಿನಲ್ಲಿ ಮತ್ತೆ ಎಬ್ಬಿಸಿದರು. ೧೯೩೬ರಲ್ಲಿ ಬೆಂಕಿಗೆ ಆಹುತಿಯಾಗುವವರೆಗೆ ಅದು ಅಲ್ಲಿತ್ತು. ಬೆಂಗಳೂರಿಗರಿಗೆ ಈ ವಂಶದ ಕುಡಿಯೊಂದರ ಪರಿಚಯ ಚೆನ್ನಾಗಿದೆ. ೧೮೮೯ರಲ್ಲಿ ಲಾಲ್‌ಬಾಗಿನಲ್ಲಿ ಅಸ್ತಿಭಾರ ಹಾಕಿದ ಗಾಜಿನ ಮನೆಯ ಎರಕದ ಕಬ್ಬಿಣವೆಲ್ಲ ಗ್ಲಾಸ್ಗೋ ನಗರದ ಸಾರಸೆನ್ ಎಂಬ ಎರಕಶಾಲೆಯಿಂದ ಸಮುದ್ರ ದಾಟಿ ಬಂದದ್ದು. ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ ಆ ಕಂಬಗಳನ್ನು ಆನಿಕೊಂಡು ನಿಂತವರಲ್ಲಿ ಎಷ್ಟು ಮಂದಿಗೆ ಅವುಗಳ ತೌರೂರು ನೆನಪಾದೀತು?

ಹೂಗಿಡಗಳಿಗೆ ಹಿತವಾದದ್ದು ಮನುಷ್ಯರಿಗೆ ಹಿತವಾಗಬೇಕೆಂದಿಲ್ಲ. ತಗಡಿನ ಮನೆಯ ದೊಡ್ಡ ದೋಷ ಬಿಸಿಲು. ಬೇಸಗೆಯ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಮಶೀತೋಷ್ಣ ದೇಶದ ತಂತ್ರವನ್ನು ಹಾಗೆಹಾಗೆಯೇ ಉಷ್ಣವಲಯಕ್ಕೆ ಸಾಗಿಸಿದರೆ ಮನೆ ಕುಲುಮೆಯಾಗುತ್ತದೆ. ಈ ದೋಷವನ್ನು ನೀಗಿ, ಲೋಹದಲ್ಲೇ ತಣ್ಣನೆಯ ಮನೆಯನ್ನು ಮಾಡಿ ತೋರಿಸುತ್ತೇನೆಂದು ಹೊರಟವನು ಒಬ್ಬ ಕಮ್ಮಾರ. ಅವನ ಹೆಸರು ಝಾಂ ಪ್ರೂವೆ.

ಕಮ್ಮಾರ ಎಂದದ್ದು ಅಲಂಕಾರಕ್ಕಾಗಿ ಅಲ್ಲ. ೧೯೦೧ರಲ್ಲಿ ಹುಟ್ಟಿದ ಪ್ರೂವೆ ಬೆಳೆದದ್ದು ಫ್ರಾನ್ಸಿನ ಪೂರ್ವಭಾಗದ ನಾನ್ಸಿ ನಗರದಲ್ಲಿ. ತಂದೆ ವಿಕ್ತೋರ್ ಪ್ರೂವೆ ಹೆಸರಾಂತ ಕಲಾವಿದ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಇನ್ನೂ ಹದಿಹರೆಯದಲ್ಲೇ, ಹುಡುಗ ಲೋಹದ ಕುಸುರಿಗಾರರ ಬಳಿ ಶಿಷ್ಯವೃತ್ತಿಗೆ ಸೇರಿದ. ೧೯೨೪ರಲ್ಲಿ ನಾನ್ಸಿಯಲ್ಲಿ ತನ್ನದೇ ಕುಲುಮೆಯನ್ನು ತೆರೆದ. ಮೊದಲು ಬಾಗಿಲು, ಕಟಕಟೆ. ಆಮೇಲೆ ಕುರ್ಚಿ, ಮೇಜು. ಕಡೆಗೆ ಇಡೀ ಮನೆ. ವಾಸ್ತುಶಿಲ್ಪದ ಪದವಿ ಅವನಿಗೆ ಇರಲಿಲ್ಲ. ಆದರೆ ತಗಡನ್ನು ಎಲ್ಲಿ ಮಡಿಸಿದರೆ ಅದು ತೊಲೆಯಾಗುತ್ತದೆ, ಎಲ್ಲಿ ಮಡಿಸಿದರೆ ಕುರ್ಚಿಯ ಕಾಲಾಗುತ್ತದೆ ಎಂಬುದು ಅವನ ಕೈಗೆ ಗೊತ್ತಿತ್ತು. ಕುರ್ಚಿಗೂ ಮನೆಗೂ ಅವನು ಹೆಚ್ಚಿನ ಭೇದವನ್ನೆಣಿಸಲಿಲ್ಲ. ಎರಡೂ ಭಾರ ಹೊರಬೇಕು, ಎರಡೂ ಮಿತವ್ಯಯದಲ್ಲಿ ಆಗಬೇಕು, ಎರಡನ್ನೂ ಬಿಚ್ಚಿ ಸಾಗಿಸುವಂತಿರಬೇಕು. ಕುರ್ಚಿಯಂತೆಯೇ ಮನೆ ಎಂಬ ಈ ಭಾವನೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಇದರ ಮೇಲೆಯೇ ತಿರುಗುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಪ್ರೂವೆ ಜರ್ಮನರ ವಿರುದ್ಧ ಗುಪ್ತ ಪ್ರತಿರೋಧದಲ್ಲಿ ಸೇರಿದ್ದ. ೧೯೪೪ರಲ್ಲಿ ನಾನ್ಸಿ ಬಿಡುಗಡೆಯಾದಾಗ ಕೆಲಕಾಲ ಆ ನಗರದ ಮೇಯರೂ ಆದ. ಯುದ್ಧದಲ್ಲಿ ಮನೆ ಕಳೆದುಕೊಂಡ ಲೊರೇನ್ ಪ್ರಾಂತದ ನಿರಾಶ್ರಿತರಿಗಾಗಿ ಅವನು ಮಾಡಿಕೊಟ್ಟ ಆರು ಮೀಟರ್ ಚದರದ ಮನೆಗಳನ್ನು ಕೆಲವೇ ಆಳುಗಳು ಒಂದು ದಿನದಲ್ಲಿ ನಿಲ್ಲಿಸಬಹುದಾಗಿತ್ತು. ೧೯೪೭ರಲ್ಲಿ ನಾನ್ಸಿಯ ಪಕ್ಕದ ಮಾಕ್ಸೆವಿಲ್ಲಿನಲ್ಲಿ ದೊಡ್ಡ ಕಾರ್ಖಾನೆಯೇ ಎದ್ದಿತು. ಅತ್ತ ಯುದ್ಧವಿಮಾನಗಳ ಬೇಡಿಕೆ ಇಳಿದುಹೋದ ಕಾಲದಲ್ಲಿ ಅಲ್ಯೂಮಿನಿಯಂ ಉದ್ಯಮಕ್ಕೆ ಹೊಸ ಗಿರಾಕಿಗಳು ಬೇಕಾಗಿದ್ದರು. ಇತ್ತ ಆಫ್ರಿಕದ ಫ್ರೆಂಚ್ ವಸಾಹತುಗಳಲ್ಲಿ ಅಧಿಕಾರಿಗಳಿಗೆ, ಶಾಲೆಗಳಿಗೆ, ಕಚೇರಿಗಳಿಗೆ ಕಟ್ಟಡಗಳು ಬೇಕಾಗಿದ್ದವು. ಈ ಎರಡು ಕೊರತೆಗಳ ಸಂಧಿಯಲ್ಲಿ ‘ಉಷ್ಣವಲಯದ ಮನೆ’ ಹುಟ್ಟಿತು.

ಆ ಮನೆಯ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮಡಿಸಿದ ಉಕ್ಕಿನ ತಗಡಿನ ಚೌಕಟ್ಟುಗಳು ನಡುವೆ ಬೆನ್ನೆಲುಬಿನಂತೆ ನಿಲ್ಲುತ್ತವೆ. ಉಳಿದದ್ದು ಬಹುಮಟ್ಟಿಗೆ ಅಲ್ಯೂಮಿನಿಯಂ. ಯಾವ ಭಾಗವೂ ಸುಮಾರು ೪ ಮೀಟರಿಗಿಂತ ಉದ್ದವಿಲ್ಲ. ಕಾರ್ಖಾನೆಯ ಯಂತ್ರ ಮಡಿಸಬಲ್ಲ ತಗಡಿನ ಅಳತೆಯೇ ಅಷ್ಟು. ಯಾವ ಭಾಗವೂ ಸುಮಾರು ೧೦೦ ಕಿಲೋಗ್ರಾಮಿಗಿಂತ ಭಾರವಿಲ್ಲ. ಇಬ್ಬರು ಆಳುಗಳು ಎತ್ತಬೇಕು. ಎಲ್ಲವನ್ನೂ ಚಪ್ಪಟೆಯಾಗಿ ಜೋಡಿಸಿದರೆ ಸರಕುವಿಮಾನದ ಹೊಟ್ಟೆಯಲ್ಲಿ ಹಿಡಿಯಬೇಕು. ಇನ್ನು ಬಿಸಿಲಿನ ಮಾತು. ಮನೆಯ ಸುತ್ತ ಜಗಲಿ. ಜಗಲಿಯ ಹೊರಗೆ ಓರೆ ಮಾಡಿ ತಿರುಗಿಸಬಹುದಾದ ಅಲ್ಯೂಮಿನಿಯಂ ಪಟ್ಟಿಗಳ ತಡಿಕೆ. ಬಿಸಿಲು ಗೋಡೆಯನ್ನು ಮುಟ್ಟುವ ಮೊದಲೇ ಅಲ್ಲಿ ತಡೆಯಲ್ಪಡುತ್ತದೆ. ಒಳಗಿನ ಗೋಡೆಗಳು ಸರಿಯುವ ಹಲಗೆಗಳು. ಅವುಗಳಲ್ಲಿ ಹಡಗಿನ ಕಿಟಕಿಯಂಥ ದುಂಡನೆಯ ಕಂಡಿಗಳು, ಕಂಡಿಗಳಿಗೆ ಪ್ರಖರ ಬೆಳಕನ್ನು ಸೋಸುವ ನೀಲಿ ಗಾಜು. ಮಾಡು ಎರಡು ಪದರದ್ದು. ಪದರಗಳ ನಡುವೆ ಗಾಳಿ ಹರಿಯುತ್ತದೆ; ಕಾದ ಗಾಳಿ ಮೇಲೇರಿ ನೆತ್ತಿಯ ಗವಾಕ್ಷಿಯಿಂದ ಹೊರಬೀಳುತ್ತದೆ, ತಂಪುಗಾಳಿ ಕೆಳಗಿನಿಂದ ಒಳಬರುತ್ತದೆ. ವಿದ್ಯುತ್ತು ಬೇಡ, ಯಂತ್ರ ಬೇಡ. ಜಗಲಿ, ಚಾಚಿದ ಸೂರು, ಗವಾಕ್ಷಿ ಇವೆಲ್ಲ ನಮ್ಮ ನಾಡಿನ ಹಳೆಯ ಮನೆಗಳಿಗೆ ಗೊತ್ತಿದ್ದ ಉಪಾಯಗಳೇ. ಮಣ್ಣು, ಮರ, ಹೆಂಚಿನಲ್ಲಿ ನಮ್ಮವರು ಸಾಧಿಸಿದ್ದನ್ನು ಪ್ರೂವೆ ಲೋಹದಲ್ಲಿ ಸಾಧಿಸಲು ನೋಡಿದ.

ಇಷ್ಟೆಲ್ಲ ಚಮತ್ಕಾರದಿಂದ ಕೂಡಿದ ಈ ಮನೆಗಳು ಎಷ್ಟು ಕಟ್ಟಲ್ಪಟ್ಟವು? ಕೇವಲ ಮೂರು. ೧೯೪೯ರಲ್ಲಿ ಒಂದು ನೈಜರ್ ದೇಶದ ನಿಯಾಮೆಗೆ, ಅಲ್ಲಿನ ಶಾಲೆಯ ಮುಖ್ಯಸ್ಥನ ವಸತಿಗೆಂದು ಹೋಯಿತು. ೧೯೫೧ರಲ್ಲಿ ಇನ್ನೆರಡು ಕಾಂಗೋ ನದಿಯ ದಡದ ಬ್ರಾಝವಿಲ್ಲಿಗೆ ಹೋದವು. ಅವುಗಳಲ್ಲಿ ಒಂದು ಅಲ್ಯೂಮಿನಿಯಂ ಸಂಸ್ಥೆಯ ಕಚೇರಿ, ಇನ್ನೊಂದು ಅದರ ಅಧಿಕಾರಿಯ ಬಿಡಾರ. ಎರಡಕ್ಕೂ ನಡುವೆ ಒಂದು ಕಿರುಸೇತುವೆ. ಆಮೇಲೆ ಬೇಡಿಕೆ ಬರಲಿಲ್ಲ. ಸಾಗಣೆಯ ವೆಚ್ಚವೂ ಸೇರಿದರೆ ಈ ಮನೆ ಸ್ಥಳೀಯ ಕಟ್ಟಡಕ್ಕಿಂತ ಅಗ್ಗವೇನೂ ಆಗಲಿಲ್ಲ. ಮೇಲಾಗಿ, ಆಳಲು ಬಂದ ಅಧಿಕಾರಿಗಳಿಗೆ ಮನೆ ಮನೆಯಂತೆ ಕಾಣಬೇಕಾಗಿತ್ತು. ಕಾರ್ಖಾನೆಯ ಸರಕಿನಂತೆ ಕಾಣುವ ಬಿಡಾರ ಅವರ ಅಂತಸ್ತಿಗೆ ಒಪ್ಪಲಿಲ್ಲ. ೧೯೫೩ರಲ್ಲಿ ಪ್ರೂವೆ ಬಂಡವಾಳ ಹೂಡಿದವರೊಡನೆ ಹೊಂದಲಾರದೆ ತನ್ನದೇ ಕಾರ್ಖಾನೆಯಿಂದ ಹೊರಬಿದ್ದ. ಮರುವರ್ಷ ನಾನ್ಸಿಯ ಗುಡ್ಡದ ಇಳಿಜಾರಿನಲ್ಲಿ, ಕಾರ್ಖಾನೆಯಲ್ಲಿ ಮಿಕ್ಕುಳಿದ ಭಾಗಗಳನ್ನೇ ಕೂಡಿಸಿ ತನ್ನ ಸಂಸಾರಕ್ಕೆ ಒಂದು ಮನೆ ಮಾಡಿಕೊಂಡ. ೧೯೮೪ರಲ್ಲಿ ತೀರಿಕೊಂಡ.

ಆಫ್ರಿಕದ ಮನೆಗಳು ಮಾತ್ರ ನಿಂತೇ ಇದ್ದವು. ೧೯೬೦ರ ಆಗಸ್ಟಿನಲ್ಲಿ ನೈಜರ್, ಕಾಂಗೋ ಎರಡೂ ಸ್ವತಂತ್ರವಾದವು. ಕಟ್ಟಿಸಿದವರು ಹೋದರು, ಬೇರೆಯವರು ಬಂದು ಸೇರಿದರು. ಒಕ್ಕಲಾದವರು ತಮಗೆ ಬೇಕಾದಂತೆ ಅಲ್ಲೊಂದು ಗೋಡೆ ಎಬ್ಬಿಸಿದರು, ಇಲ್ಲೊಂದು ಕಂಡಿ ಮುಚ್ಚಿದರು. ಮನೆಗೆ ಪ್ರೂವೆಯ ಹೆಸರಿನ ಹಂಗಿರಲಿಲ್ಲ. ಅದು ಬರಿಯ ಮನೆ. ೧೯೯೦ರ ದಶಕದಲ್ಲಿ ಬ್ರಾಝವಿಲ್ ಅಂತರ್ಯುದ್ಧದ ಬೆಂಕಿಯಲ್ಲಿ ಬೆಂದಾಗ ಆ ಅಲ್ಯೂಮಿನಿಯಂ ಹಲಗೆಗಳಿಗೂ ಗುಂಡುಗಳು ತಗುಲಿದವು.

ಈ ನಡುವೆ ಯೂರೋಪು, ಅಮೆರಿಕಗಳಲ್ಲಿ ಪ್ರೂವೆಯ ಕುರ್ಚಿ ಮೇಜುಗಳಿಗೆ ಬೆಲೆ ಏರತೊಡಗಿತ್ತು. ಶಾಲೆಗಳಿಗೂ ವಿದ್ಯಾರ್ಥಿನಿಲಯಗಳಿಗೂ ಅಗ್ಗದಲ್ಲಿ ಮಾಡಿದ್ದ ಸಾಮಾನುಗಳು ಶ್ರೀಮಂತರ ದಿವಾನಖಾನೆ ಸೇರುತ್ತಿದ್ದವು. ಕುರ್ಚಿಯ ಬೆನ್ನು ಹತ್ತಿ ಹೋದವರ ಕಣ್ಣು ಮನೆಯ ಮೇಲೆ ಬೀಳುವುದು ಸಹಜವೇ. ಎರಿಕ್ ತುಷಲೋಮ್ ಎಂಬ ಪ್ಯಾರಿಸ್ಸಿನ ವರ್ತಕ, ಅಂತರ್ಯುದ್ಧದ ಹೊಗೆ ಆರುತ್ತಿದ್ದಂತೆ, ೨೦೦೦ದ ಸುಮಾರಿಗೆ ಆಫ್ರಿಕಕ್ಕೆ ಹೋಗಿ, ಹಣ ಕೊಟ್ಟು ಮೂರೂ ಮನೆಗಳನ್ನು ಕೊಂಡು, ಬಿಚ್ಚಿಸಿ, ಫ್ರಾನ್ಸಿಗೆ ಸಾಗಿಸಿದ.

ಮನೆಯನ್ನು ಬಿಚ್ಚುವುದೆಂದರೆ ಕೆಡವುವುದಲ್ಲ. ಕೆಡವುವವನಿಗೆ ಸುತ್ತಿಗೆ ಸಾಕು. ಬಿಚ್ಚುವವನಿಗೆ ಕಟ್ಟಿದವನ ಮನಸ್ಸು ತಿಳಿದಿರಬೇಕು. ಕಡೆಗೆ ಜೋಡಿಸಿದ್ದನ್ನು ಮೊದಲು ತೆಗೆಯಬೇಕು. ಪ್ರತಿಯೊಂದು ತೊಲೆ, ಹಲಗೆ, ಪಟ್ಟಿಗೂ ಅಂಕಿ ಹಾಕಬೇಕು, ಫೋಟೋ ಹಿಡಿಯಬೇಕು, ನಕ್ಷೆಯಲ್ಲಿ ಗುರುತಿಸಬೇಕು. ಅರ್ಧಶತಮಾನದ ಮಳೆಗೆ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಬಲಾತ್ಕಾರ ಮಾಡಿದರೆ ತೆಳುತಗಡು ಹರಿಯುತ್ತದೆ. ಉಕ್ಕು, ಅಲ್ಯೂಮಿನಿಯಂ ಎರಡೂ ತಾಗಿಕೊಂಡಿರುವ ಕಡೆ ತೇವ ಸೇರಿದರೆ ಅಲ್ಲೊಂದು ಸಣ್ಣ ವಿದ್ಯುತ್ಕೋಶವೇ ಹುಟ್ಟಿ, ಅಲ್ಯೂಮಿನಿಯಂ ತಾನು ಸವೆಯುತ್ತ ಹೋಗುತ್ತದೆ. ಹೊರನೋಟಕ್ಕೆ ಗಟ್ಟಿಯಾಗಿರುವ ಕೀಲು ಒಳಗೆ ಪುಡಿಯಾಗಿರಬಹುದು. ಕಲ್ಲಿನ ಗುಡಿಯ ಜೀರ್ಣೋದ್ಧಾರಕ್ಕಿಂತ ಈ ಕೆಲಸ ಒಂದು ರೀತಿಯಲ್ಲಿ ಸುಲಭ, ಏಕೆಂದರೆ ಮನೆ ಬಿಚ್ಚಲೆಂದೇ ಹುಟ್ಟಿದ್ದು. ಇನ್ನೊಂದು ರೀತಿಯಲ್ಲಿ ಕಷ್ಟ, ಏಕೆಂದರೆ ಕಲ್ಲಿಗೆ ವಯಸ್ಸಾದರೆ ಶೋಭೆ, ತಗಡಿಗೆ ವಯಸ್ಸಾದರೆ ಗುಜರಿ.

ಬಿಚ್ಚಿದ ಮೇಲೆ ದುರಸ್ತಿಯ ಪ್ರಶ್ನೆಗಳು. ನಜ್ಜುಗುಜ್ಜಾದ ಹಲಗೆಯನ್ನು ತಟ್ಟಿ ಸರಿಮಾಡಬೇಕೇ, ಹೊಸದನ್ನು ಮಾಡಿಸಬೇಕೇ? ಬಣ್ಣದ ಪದರಗಳನ್ನು ಕೆರೆದು ೧೯೫೧ರ ಬಣ್ಣಕ್ಕೆ ಹೋಗಬೇಕೇ? ಹೋದರೆ ನಡುವಣ ಐವತ್ತು ವರ್ಷ ಆ ಮನೆಯಲ್ಲಿ ಬಾಳಿದವರು ಬಳಿದ ಬಣ್ಣ ಚರಿತ್ರೆಯಲ್ಲವೇ? ಗುಂಡಿನ ತೂತುಗಳನ್ನು ಮುಚ್ಚಬೇಕೇ, ಹಾಗೆಯೇ ಬಿಡಬೇಕೇ? ತೂತು ಮುಚ್ಚಿದರೆ ಮನೆ ಪ್ರೂವೆಯದಾಗುತ್ತದೆ, ಬಿಟ್ಟರೆ ಬ್ರಾಝವಿಲ್ಲಿನದಾಗಿ ಉಳಿಯುತ್ತದೆ. ನಮ್ಮ ಊರುಗಳಲ್ಲಿ ತೇರಿನ ಗಾಲಿ, ಅಚ್ಚು, ಹಲಗೆಗಳನ್ನು ಸವೆದಂತೆಲ್ಲ ಬದಲಿಸುತ್ತಾರೆ. ತೇರು ಮಾತ್ರ ಅದೇ ತೇರು. ಏಕೆ? ಅದೇ ಬೀದಿಯಲ್ಲಿ, ಅದೇ ದೇವರನ್ನು ಹೊತ್ತು, ಅದೇ ಜನರ ಕೈಯಿಂದ ಎಳೆಯಲ್ಪಡುವುದರಿಂದ. ಬೀದಿ, ದೇವರು, ಜನ ಮೂರೂ ಬದಲಾದಾಗ ಮೂಲದ ಹಲಗೆ ಎಷ್ಟು ಉಳಿದಿದ್ದರೇನು ಎಂಬ ಪ್ರಶ್ನೆ ಏಳದಿರದು.

ಬ್ರಾಝವಿಲ್ಲಿನ ಚಿಕ್ಕ ಮನೆಯನ್ನು ರಾಬರ್ಟ್ ರೂಬಿನ್ ಎಂಬ ಅಮೆರಿಕದ ಸಂಗ್ರಾಹಕ ಕೊಂಡು ಜೀರ್ಣೋದ್ಧಾರ ಮಾಡಿಸಿದ. ೨೦೦೫ರಲ್ಲಿ ಅದು ಯೇಲ್ ವಿಶ್ವವಿದ್ಯಾನಿಲಯದ ಆವರಣದಲ್ಲಿ ನಿಂತಿತು. ಮುಂದೆ ಲಾಸ್ ಏಂಜಲೀಸಿಗೆ ಹೋಯಿತು. ಆ ಬಳಿಕ ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರದಲ್ಲಿ ಪ್ರದರ್ಶಿತವಾಯಿತು. ಆ ಕೇಂದ್ರದ ಕಟ್ಟಡಕ್ಕಾಗಿ ೧೯೭೧ರಲ್ಲಿ ನಡೆದ ಸ್ಪರ್ಧೆಯ ತೀರ್ಪುಗಾರರ ಅಧ್ಯಕ್ಷನಾಗಿದ್ದವನು ಇದೇ ಪ್ರೂವೆ. ದೊಡ್ಡ ಮನೆಯನ್ನು ೨೦೦೭ರ ಬೇಸಗೆಯಲ್ಲಿ ನ್ಯೂಯಾರ್ಕಿನ ಈಸ್ಟ್ ನದಿಯ ದಡದಲ್ಲಿ, ಸೇತುವೆಯೊಂದರ ಪಕ್ಕದ ಬಯಲಿನಲ್ಲಿ ನಿಲ್ಲಿಸಿ ತೋರಿಸಿದರು. ಜೂನ್ ೫ರಂದು ಕ್ರಿಸ್ಟೀಸ್ ಸಂಸ್ಥೆಯ ಹರಾಜಿನಲ್ಲಿ ಹೋಟೆಲುಗಳ ಒಡೆಯ ಆಂದ್ರೆ ಬಲಾಝ್ ಅದನ್ನು ೪೯ ಲಕ್ಷ ೬೮ ಸಾವಿರ ಡಾಲರುಗಳಿಗೆ ಕೊಂಡ. ಅಗ್ಗವಾಗಿ, ಸಾವಿರಗಟ್ಟಲೆ ತಯಾರಾಗಬೇಕೆಂದು ಕಲ್ಪಿಸಿದ ಮನೆ, ಮೂರೇ ಆದದ್ದರಿಂದ ಇಷ್ಟು ದುಬಾರಿಯಾಯಿತು. ಸೋತದ್ದೇ ಅದರ ಬೆಲೆ!

ಆ ವರ್ಷವೇ ವೆನಿಸ್ಸಿನ ಕಲಾಮೇಳದಲ್ಲಿ ಪೋರ್ಚುಗಲ್ಲಿನ ಪರವಾಗಿ ಆಂಜೆಲ ಫೆರೇರ ಎಂಬ ಕಲಾವಿದೆ ಈ ಮನೆಗಳನ್ನು ಕುರಿತ ಕೃತಿಯನ್ನು ಇರಿಸಿದಳು. ಮೊಝಾಂಬಿಕ್ಕಿನಲ್ಲಿ ಹುಟ್ಟಿದ ಆಕೆ ನಿಯಾಮೆಗೂ ಬ್ರಾಝವಿಲ್ಲಿಗೂ ಹೋಗಿ ಫೋಟೋ ತೆಗೆದದ್ದು ಮನೆಗಳನ್ನಲ್ಲ; ಮನೆಗಳು ಇಲ್ಲದ ಜಾಗವನ್ನು. ಅಲ್ಲಿ ಉಳಿದಿದ್ದದ್ದು ಕಾಂಕ್ರೀಟಿನ ಪಾಯ ಮತ್ತು ಮೋಟು ಕಂಬಗಳು. ಸ್ಥಿರಾಸ್ತಿಯಲ್ಲಿ ಸ್ಥಿರವಾಗಿದ್ದದ್ದು ಅಷ್ಟೇ. ಮಾಲಿಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಪ್ರಾಧ್ಯಾಪಕನಾಗಿದ್ದ ಮಾಂತಿಯ ಜವಾರ ಈ ಕುರಿತು ೨೦೦೮ರಲ್ಲಿ ಚಲನಚಿತ್ರವನ್ನು ಮಾಡಿ, ಆ ಮನೆಗಳ ನೆರೆಯಲ್ಲಿ, ಅವುಗಳ ಒಳಗೆ ಬದುಕಿದ್ದ ಜನರನ್ನು ಮಾತನಾಡಿಸಿದ. ಅದುವರೆಗೆ ಈ ಕಥೆಯಲ್ಲಿ ಅವರಿಗೆ ಮಾತೇ ಇರಲಿಲ್ಲ.

ತುಷಲೋಮನ ಪಕ್ಷದ ವಾದವನ್ನು ತಳ್ಳಿಹಾಕುವಂತಿಲ್ಲ. ಅವನು ಕದಿಯಲಿಲ್ಲ, ಕೊಂಡ. ಅಲ್ಲೇ ಬಿಟ್ಟಿದ್ದರೆ ತುಕ್ಕು ಮತ್ತು ಯುದ್ಧಗಳ ನಡುವೆ ಮನೆಗಳು ಬಹುಕಾಲ ಉಳಿಯುತ್ತಿದ್ದವೆಂಬ ಭರವಸೆಯಿರಲಿಲ್ಲ. ಫ್ರಾನ್ಸಿನಲ್ಲೇ ತಯಾರಾದ ವಸ್ತು ಫ್ರಾನ್ಸಿಗೆ ಮರಳಿತು. ಅದನ್ನು ಮಾಡಿದವನ ಆಶಯವೇ ಬಿಚ್ಚಿ ಸಾಗಿಸುವುದಾಗಿತ್ತು. ೧೮೯೨ರಲ್ಲಿ ಫ್ರೆಂಚ್ ಸೈನ್ಯ ದಹೋಮಿಯ ಅರಮನೆಯಿಂದ ದೋಚಿದ ವಸ್ತುಗಳಲ್ಲಿ ೨೬ನ್ನು ಫ್ರಾನ್ಸು ೨೦೨೧ರಲ್ಲಿ ಬೆನಿನ್ ದೇಶಕ್ಕೆ ಹಿಂದಿರುಗಿಸಿತು; ಆ ಲೂಟಿಗೂ ಈ ಖರೀದಿಗೂ ಅಂತರವಿದೆ ಎಂಬುದನ್ನು ಒಪ್ಪಲೇಬೇಕು.

ಆದರೂ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ೧೯೬೪ರಲ್ಲಿ ವೆನಿಸ್ಸಿನಲ್ಲಿ ಸೇರಿದ ತಜ್ಞರು ಸ್ಮಾರಕಗಳ ರಕ್ಷಣೆಗೆ ಒಂದು ಸನ್ನದನ್ನು ರಚಿಸಿದರು. ಸ್ಮಾರಕವನ್ನು ಅದು ಸಾಕ್ಷಿಯಾಗಿರುವ ಚರಿತ್ರೆಯಿಂದಲೂ ಅದು ನಿಂತಿರುವ ಪರಿಸರದಿಂದಲೂ ಬೇರ್ಪಡಿಸಲಾಗದು. ರಕ್ಷಣೆಗೆ ಬೇರೆ ದಾರಿಯಿಲ್ಲದಿದ್ದರೆ, ಇಲ್ಲವೆ ಅತ್ಯಂತ ಮಹತ್ತ್ವದ ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಹಿತಕ್ಕಾಗಿ ಮಾತ್ರ ಅದನ್ನು ಸ್ಥಳಾಂತರಿಸಬಹುದು ಎಂಬುದು ಅದರ ಏಳನೆಯ ವಿಧಿಯ ಸಾರಾಂಶ. ನಮ್ಮ ಮನೆ ಯಾವ ಚರಿತ್ರೆಗೆ ಸಾಕ್ಷಿ? ಫ್ರೆಂಚರ ಯಂತ್ರಕೌಶಲಕ್ಕೆ ಸರಿಯೇ. ಆದರೆ ಆಫ್ರಿಕದ ವಸಾಹತಿನ ಆಡಳಿತಕ್ಕೆ, ಆ ಆಡಳಿತ ಹೋದಮೇಲಿನ ಬಾಳಿಗೆ, ಅಂತರ್ಯುದ್ಧದ ದುರ್ದಿನಗಳಿಗೆ ಕೂಡ ಅದೇ ಸಾಕ್ಷಿ. ಬಿಸಿಲನ್ನು ಗೆಲ್ಲಲು ಹುಟ್ಟಿದ ಮನೆಯನ್ನು ಪ್ಯಾರಿಸ್ಸಿನ ಚಳಿಯಲ್ಲಿ ನಿಲ್ಲಿಸಿದರೆ ಅದರ ಗವಾಕ್ಷಿಗೆ ಕೆಲಸವೇ ಇಲ್ಲ. ಆಕಾರ ಉಳಿಯಿತು, ಕಾರಣ ಹೋಯಿತು.

ಇದು ದೂರದ ಆಫ್ರಿಕದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಲ ಕಾರ್ಬ್ಯೂಸಿಯೆ ಮತ್ತು ಅವನ ದಾಯಾದಿ ಪಿಯೆರ್ ಜಾನ್ನೆರೆ ೧೯೫೦ರ ದಶಕದಲ್ಲಿ ಚಂಡೀಗಢವನ್ನು ಕಟ್ಟಿದಾಗ ಅಲ್ಲಿನ ಕಚೇರಿ, ಕಾಲೇಜುಗಳಿಗೆ ತೇಗದ ಕುರ್ಚಿ ಮೇಜುಗಳನ್ನೂ ಮಾಡಿಸಿದ್ದರು. ಕಾಲ ಕಳೆದಂತೆ ಅವು ಮುರಿದು ಮೂಲೆ ಸೇರಿದವು, ಮಹಡಿಯ ಮೇಲೆ ರಾಶಿ ಬಿದ್ದವು. ನಮ್ಮ ಸರ್ಕಾರಿ ಕಚೇರಿಗಳೇ ಅವುಗಳನ್ನು ನಿರುಪಯುಕ್ತ ಸಾಮಾನೆಂದು ಹರಾಜು ಹಾಕಿದವು. ಕೊಂಡ ವಿದೇಶೀ ವರ್ತಕರಲ್ಲಿ ಇದೇ ತುಷಲೋಮನೂ ಒಬ್ಬ. ದುರಸ್ತಿಯಾಗಿ, ಹೊಳಪು ಪಡೆದು, ಅವು ಪ್ಯಾರಿಸ್, ಲಂಡನ್, ನ್ಯೂಯಾರ್ಕುಗಳ ಹರಾಜಿನಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಹೋದದ್ದು ಪತ್ರಿಕೆಗಳಲ್ಲಿ ಬಂದಮೇಲೆ ನಮ್ಮವರ ಕಣ್ಣು ತೆರೆಯಿತು. ೨೦೧೧ರಲ್ಲಿ ಕೇಂದ್ರ ಗೃಹ ಮಂತ್ರಾಲಯ ಆ ಸಾಮಾನುಗಳನ್ನು ಮಾರಕೂಡದೆಂದು ಆಜ್ಞೆ ಹೊರಡಿಸಿತು. ಕೊಂಡವನನ್ನು ಬೈಯುವುದು ಸುಲಭ. ಮಾರಿದವರು ಯಾರು ಎಂದು ಕೇಳುವುದು ಅಷ್ಟು ಸುಲಭವಲ್ಲ.

ಒಂದು ವಸ್ತುವಿನ ಬೆಲೆಯನ್ನು ಅರಿತವನು ಅದನ್ನು ಕೊಂಡೊಯ್ಯುತ್ತಾನೆ. ಅದರೊಡನೆ ಬಾಳಿದವನಿಗೆ ಅದು ಬರಿಯ ಮನೆ, ಬರಿಯ ಕುರ್ಚಿ. ಹಾಗೆ ಇರುವುದರಲ್ಲಿ ತಪ್ಪಿಲ್ಲ. ವಸ್ತುಗಳು ಬಳಸುವುದಕ್ಕಾಗಿಯೇ ಇವೆ. ಪ್ರೂವೆಯೂ ತನ್ನ ಮನೆಯನ್ನು ಬಳಕೆಗೇ ಮಾಡಿದ್ದ, ಹಗ್ಗ ಕಟ್ಟಿ ದೂರದಿಂದ ನೋಡುವುದಕ್ಕಲ್ಲ. ತಪ್ಪಿರುವುದು ಬಳಕೆ ಮುಗಿದ ಮೇಲೆ ಯಾರೂ ಒಂದು ಗಳಿಗೆ ನಿಂತು ಯೋಚಿಸದಿರುವುದರಲ್ಲಿ. ಬಿಚ್ಚುವ ಮೊದಲು ಅಲ್ಲಿ ಬಾಳಿದವರ ಮಾತನ್ನು ಬರೆದುಕೊಂಡಿದ್ದರೆ, ಮೂರರಲ್ಲಿ ಒಂದನ್ನಾದರೂ ಅದರ ನೆಲದಲ್ಲೇ ದುರಸ್ತಿ ಮಾಡಿ, ಅಲ್ಲಿನ ಕುಶಲಕರ್ಮಿಗಳಿಗೆ ಆ ವಿದ್ಯೆಯನ್ನು ಕಲಿಸಿ ಬಂದಿದ್ದರೆ, ಈ ಜೀರ್ಣೋದ್ಧಾರಕ್ಕೆ ಯಾರ ಆಕ್ಷೇಪವೂ ಇರುತ್ತಿರಲಿಲ್ಲ. ಲೋಹದ ಮನೆಯನ್ನು ಬಿಚ್ಚಿ ಜೋಡಿಸುವ ಯುಕ್ತಿಯನ್ನು ಪ್ರೂವೆ ಕಲಿಸಿಕೊಟ್ಟ. ಮನೆಯ ಜೊತೆಗೆ ಮನೆಯ ನೆನಪನ್ನೂ ಮುರಿಯದಂತೆ ಬಿಚ್ಚುವುದು ಹೇಗೆಂಬುದನ್ನು ಮಾತ್ರ ಅವನ ನಂತರದವರು ಇನ್ನೂ ಕಲಿಯಬೇಕಾಗಿದೆ.